ವಠಾರದ ಹಗ್ಗ

“ಗುರುಗಳೇ, ಕೈಬಿಟ್ಟರೆ ಬಿದ್ದುಹೋಗುವವನನ್ನು ಎಲ್ಲಿಯವರೆಗೆ ಹಿಡಿದುಕೊಂಡಿರಬೇಕು?” ಎಂದು ಶಿಷ್ಯ ಕೇಳಿದ.

ಮಠದ ಬೀದಿಯ ಕೊನೆಯಲ್ಲಿ ಕಣ್ಣು ಕಾಣದವನೊಬ್ಬ ಬಾಡಿಗೆಯ ಕೋಣೆ ಹಿಡಿದು ಒಂಟಿಯಾಗಿದ್ದ. ಅವನ ಯೋಗಕ್ಷೇಮವನ್ನು ಗುರುಗಳು ಈ ಶಿಷ್ಯನಿಗೆ ಒಪ್ಪಿಸಿದ್ದರು. ಶಿಷ್ಯ ಮುತುವರ್ಜಿಯಿಂದಲೇ ನೋಡಿಕೊಳ್ಳುತ್ತಿದ್ದ. ಆದರೆ ಈಚೆಗೆ ಆ ಮನುಷ್ಯ ತಾನೊಬ್ಬನೇ ಅಂಗಡಿಗೆ ಹೋಗಿಬರುತ್ತೇನೆಂದು ಹಟ ಹಿಡಿದಿದ್ದ. ಅಂದು ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಶಿಷ್ಯನ ಮುಖ ಇನ್ನೂ ಕೆಂಪಗಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯೊಂದನ್ನು ಅವನ ಬೆರಳುಗಳು ತಿರುವುತ್ತಲೇ ಇದ್ದವು.

ಗುರುಗಳು ಅದನ್ನು ನೋಡಿದರು. ಕುಳಿತುಕೋ ಎಂದು ಸನ್ನೆ ಮಾಡಿ ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸಿದ್ದಳು. ಆಸ್ಪತ್ರೆಯಿಂದಲೋ ಅನಾಥಾಲಯದಿಂದಲೋ ಹೊರಬಂದು ದಿಕ್ಕಿಲ್ಲದೆ ನಿಂತವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು, ಅವರು ತಮ್ಮ ಕಾಲ ಮೇಲೆ ನಿಲ್ಲುವ ತನಕ ಹೋಗಿಬಂದು ನೋಡಿಕೊಳ್ಳುವುದು ಅವಳ ಕೆಲಸ. ಊರವರು ಅವಳನ್ನು ಆಸರೆಯಮ್ಮ ಎಂದು ಕರೆಯುತ್ತಿದ್ದರು. ಒಳ್ಳೆಯವಳು. ಒಳ್ಳೆಯವರಿಗೆ ಅಂಟುವ ಒಂದು ಕಾಯಿಲೆ ಅವಳಿಗೂ ಇತ್ತು. ಬೇರೆಯವರ ಕೆಲಸ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿಗೆ ಅವಳು ಒಂದು ವಠಾರದಲ್ಲಿ ಕೋಣೆ ಕೊಡಿಸಿದಳು. ಹೂ ಕಟ್ಟುವವಳು ಮನಸ್ಸು ಕೆಟ್ಟು ಬಹಳ ಕಾಲ ಆಸ್ಪತ್ರೆಯಲ್ಲಿದ್ದವಳು. ಹಿಂದೊಮ್ಮೆ ಅವಳನ್ನು ಬಾವಿಯಿಂದ ಮೇಲೆತ್ತಿದ್ದರು. ಈಗ ವಾಸಿಯಾಗಿತ್ತು. ಆದರೆ ಜನ ಮರೆತಿರಲಿಲ್ಲ. ಯಾರೂ ಮನೆ ಕೊಡದಿದ್ದಾಗ ಈ ವಠಾರದ ಯಜಮಾನನೊಬ್ಬನೇ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದ.

ವಠಾರದ ನಡುವೆ ಒಂದು ಬಾವಿ. ದಿನಕ್ಕೊಂದು ಮನೆಯವರು ಬೆಳಕು ಹರಿಯುವ ಹೊತ್ತಿಗೆ ನೀರು ಸೇದಿ, ಎಲ್ಲರಿಗೂ ಸೇರಿದ ತೊಟ್ಟಿಯನ್ನು ತುಂಬಿಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಹಿಂದಿನ ಸಂಜೆಯೇ ಬಾವಿಯ ಹಗ್ಗ ಬರುತ್ತಿತ್ತು. ತೊಟ್ಟಿ ತುಂಬಿಸಿದವರು ಹಗ್ಗವನ್ನು ಪಕ್ಕದ ಮನೆಗೆ ದಾಟಿಸಬೇಕು. ಸರದಿ ತಪ್ಪಿಸಿದವರಿಗೆ ಅಲ್ಲಿ ಜಾಗವಿಲ್ಲ. ಅದು ಅಲ್ಲಿನ ಕಟ್ಟಳೆ.

ಹೂ ಕಟ್ಟುವವಳು ಮತ್ತೆ ಎಲ್ಲಿ ಬಾವಿಗೆ ಹಾರುತ್ತಾಳೋ ಎಂದು ಆಸರೆಯಮ್ಮನಿಗೆ ಭಯ. ಅವಳ ಬಾಗಿಲಿಗೆ ಹಗ್ಗ ಬಂದ ಪ್ರತಿ ಸಂಜೆಯೂ ಅದನ್ನು ಚೀಲಕ್ಕೆ ತುಂಬಿಕೊಂಡು ತನ್ನ ಮನೆಗೆ ಒಯ್ಯುತ್ತಿದ್ದಳು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ತಾನೇ ನೀರು ಸೇದುತ್ತಿದ್ದಳು. ಹೂ ಕಟ್ಟುವವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ನಿನ್ನ ಕೈಲಿ ಆಗುತ್ತದೆಯೇ ಎಂದು ಆಸರೆಯಮ್ಮ ಒಮ್ಮೆಯೂ ಕೇಳಲಿಲ್ಲ.

ವಠಾರ ಎಂದಮೇಲೆ ಕಣ್ಣುಗಳಿಗೆ ಬರವೇ? ಸುದ್ದಿ ಯಜಮಾನನ ಕಿವಿಗೆ ಬಿತ್ತು.

“ಬಾಡಿಗೆಗಿರೋದು ಅವಳೋ, ನೀವೋ?” ಎಂದು ಅವನು ಆಸರೆಯಮ್ಮನನ್ನು ತಡೆದು ಕೇಳಿದ.

“ಅವಳ ಕೈಲಿ ಆಗೋದಿಲ್ಲ ಯಜಮಾನರೇ. ಅದಕ್ಕೇ ನಾನು...”

“ಕೈಲಾಗದವರಿಗೆ ಆಸ್ಪತ್ರೆ ಇದೆ. ಮುಂದಿನ ಸರದಿಯ ಬೆಳಿಗ್ಗೆ ನೀವು ಗೇಟಿನ ಒಳಗೆ ಕಾಲಿಡಕೂಡದು. ತೊಟ್ಟಿ ತುಂಬಿದರೆ ಅವಳು ಇರಲಿ. ಇಲ್ಲದಿದ್ದರೆ ಅವತ್ತೇ ಕೋಣೆ ಖಾಲಿ ಮಾಡಲಿ.”

ಆಸರೆಯಮ್ಮ ಒಪ್ಪಿದಳು. ಒಪ್ಪದೆ ದಾರಿಯಿರಲಿಲ್ಲ. ಈ ಕೋಣೆ ಹೋದರೆ ಹೂ ಕಟ್ಟುವವಳಿಗೆ ಬೇರೆ ಬಾಗಿಲು ತೆರೆಯುವುದಿಲ್ಲ, ಮತ್ತೆ ಆ ಕಂಬಿ ಕಿಟಕಿಯ ಆಸ್ಪತ್ರೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಸರದಿಯ ಹಿಂದಿನ ಸಂಜೆ ಹಗ್ಗ ಬಂತು. ಬಾವಿ ಬಾಗಿಲಿಗೆ ಎದುರಾಗಿಯೇ ಇದೆ. ಇರುಳೆಲ್ಲ ಹಗ್ಗವೂ ಅವಳ ಬಳಿಯೇ ಇರುವುದೇ? ಆಸರೆಯಮ್ಮನ ಧೈರ್ಯ ಸಾಲಲಿಲ್ಲ. ಬೆಳಿಗ್ಗೆ ಗೇಟಿನ ಹೊರಗಿನಿಂದಲೇ ಕೈಗೆ ಕೊಟ್ಟರಾಯಿತು ಎಂದುಕೊಂಡು ಹಗ್ಗವನ್ನು ಎಂದಿನಂತೆ ಚೀಲಕ್ಕೆ ಹಾಕಿಕೊಂಡಳು.

ಬೆಳಿಗ್ಗೆ ಬಂದು ನೋಡಿದರೆ ಗೇಟಿನಲ್ಲಿ ಯಜಮಾನನೇ ನಿಂತಿದ್ದ. ಈಗ ಹಗ್ಗ ತೆಗೆದರೆ ಅವನು ಏನೆನ್ನುತ್ತಾನೆ? ಅವಳ ಕೈಗೆ ಹಗ್ಗ ಕೊಡಲು ನಿಮಗೇ ಭಯವಾದರೆ ನಾನು ಮನೆಯನ್ನು ಹೇಗೆ ಕೊಡಲಿ ಎನ್ನುತ್ತಾನೆ. ತೆಗೆಯದಿದ್ದರೆ ತೊಟ್ಟಿ ತುಂಬುವುದಿಲ್ಲ. ಹೇಗೆ ಮಾಡಿದರೂ ಕೋಣೆ ಹೋಯಿತು, ಕಳೆದದ್ದು ತಾನೇ ಎಂದು ಅವಳಿಗೆ ಅಳು ಬಂತು.

ಹೂ ಕಟ್ಟುವವಳು ಕೊಡ ಹಿಡಿದು ಹೊರಗೆ ಬಂದಳು. ಬಾಗಿಲ ಪಕ್ಕ ನೋಡಿದಳು. ಹಗ್ಗವಿಲ್ಲ. ತೊಟ್ಟಿಯ ಸುತ್ತ ಹೆಂಗಸರು ಖಾಲಿ ಕೊಡಗಳೊಂದಿಗೆ ಕಾಯುತ್ತಿದ್ದರು. ಹೂ ಕಟ್ಟುವವಳು ಪಕ್ಕದ ಮನೆಯವಳ ಎದುರಿಗೆ ಹೋದಳು. ಅದುವರೆಗೆ ಆ ವಠಾರದಲ್ಲಿ ಅವಳು ಯಾರೊಡನೆಯೂ ಮಾತನಾಡಿರಲಿಲ್ಲ.

“ಅಕ್ಕಾ, ಒಂದು ಹಗ್ಗ ಇದ್ದರೆ ಕೊಡ್ತೀರಾ? ನನ್ನ ಕೈಗೆ ಹಗ್ಗ ಕೊಡೋದಕ್ಕೆ ಆಸರೆಯಮ್ಮನಿಗೆ ಭಯ. ನಿಮಗೂ ಭಯವಾ?”

ಪಕ್ಕದ ಮನೆಯವಳು ಅವಳ ಮುಖ ನೋಡಿದಳು. ಯಜಮಾನನ ಮುಖ ನೋಡಿದಳು. ಹಳೆಯ ಸುದ್ದಿ ಅವಳಿಗೂ ಗೊತ್ತಿತ್ತು. ಆಮೇಲೆ ಬಟ್ಟೆ ಒಣಹಾಕಿದ್ದ ಹಗ್ಗವನ್ನು ಬಿಚ್ಚಿ, ಒದ್ದೆ ಬಟ್ಟೆಗಳನ್ನೆಲ್ಲ ಹೆಗಲ ಮೇಲೆ ಹೇರಿಕೊಂಡು, ಹಗ್ಗವನ್ನು ಕೊಟ್ಟಳು.

“ಗಂಟು ಬಿಗಿಯಾಗಿ ಹಾಕಮ್ಮ” ಎಂದಳು.

ಹೂ ಕಟ್ಟುವ ಬೆರಳುಗಳಿಗೆ ಗಂಟು ಹೇಳಿಕೊಡಬೇಕೇ? ಅವಳು ಕೊಡದ ಕುತ್ತಿಗೆಗೆ ಹಗ್ಗ ಬಿಗಿದಳು. ರಾಟೆಗೆ ಏರಿಸಿದಳು. ಕಟ್ಟೆಯ ಮೇಲಿನಿಂದ ಬಾವಿಯೊಳಗೆ ಬಾಗಿದಳು. ಆಸರೆಯಮ್ಮ ಗೇಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಒಳಗೆ ಧಡ್ ಎಂದು ಸದ್ದಾಯಿತು. ಮತ್ತೆ ಯಾವ ಸದ್ದೂ ಇಲ್ಲ. ಕೊನೆಗೆ ರಾಟೆ ಕಿರುಗುಟ್ಟಿತು. ತೊಟ್ಟಿಗೆ ನೀರು ಬಿತ್ತು.

ತೊಟ್ಟಿ ತುಂಬಿತು. ಯಜಮಾನ ಗೇಟು ಬಿಟ್ಟು ಹೋದ. ಹೂ ಕಟ್ಟುವವಳು ಸೀರೆ ಹಿಂಡಿಕೊಳ್ಳುತ್ತ ಗೇಟಿಗೆ ಬಂದಳು. ಆಸರೆಯಮ್ಮನ ಮುಂದೆ ಕೈ ಚಾಚಿದಳು.

“ಹಗ್ಗ ಕೊಡಿ ಅಮ್ಮಾ. ಪಕ್ಕದ ಮನೆಗೆ ದಾಟಿಸಬೇಕು.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಆಸರೆಯಮ್ಮ ಕೊಟ್ಟಳೇ?” ಎಂದು ಶಿಷ್ಯ ಆತುರದಿಂದ ಕೇಳಿದ.

“ನೀನೇ ಹೇಳು, ಕಣ್ಣು ಕಾಣದವನು ಬೀಗ ಹಾಕಿದ ಕೋಣೆಯ ಒಳಗಿದ್ದಾನೆ, ಅದರ ಬೀಗದ ಕೈ ನಿನ್ನ ಸೊಂಟದಲ್ಲಿದೆ” ಎಂದರು ಗುರುಗಳು.