ಗಾಳ ಹಾಕೋಕೆ ಬಾರದ ಗಾಳಗಾರ

ಬಾ, ನನ್ನ ಸೆರಗಿನೊಳಗೆ ಕಾಲು ತೂರಿಸ್ಕೊ, ಹೇಳ್ತೀನಿ. ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲ. ಆಗ ಒಂದು ದೊಡ್ಡ ಬೆಟ್ಟದ ಮೇಲೆ ಒಂದು ಕೆರೆ ಇತ್ತಂತೆ. ಈ ದಡದಿಂದ ಕೂಗಿದ್ರೆ ಆ ದಡಕ್ಕೆ ಕೇಳಿಸ್ದೇ ಇರೋ ಅಷ್ಟು ಅಗಲ. ಅಲ್ಲಿ ಕೆಂಚಕ್ಕ ಅಂತ ಬೆಸ್ತರ ಹೆಂಗಸು, ಅವಳಪ್ಪ ಮುದ್ದಯ್ಯ, ಇಬ್ಬರೇ ಇದ್ರಂತೆ. ಮುದ್ದಯ್ಯನ ಕಣ್ಣಿಗೆ ಪೊರೆ ಬಂದು ಏನೂ ಕಾಣ್ತಿರಲಿಲ್ಲ, ಅದಕ್ಕೆ ದೋಣಿ ಮಗಳ ಕೈಗೆ ಬಂದಿತ್ತು. ಬಯಲುಸೀಮೆಯಿಂದ ಬೆಟ್ಟ ಹತ್ತಿ ಬಂದ ಜನರನ್ನ ಕೂರಿಸ್ಕೊಂಡು ಕೆರೆ ಸುತ್ತಿಸೋದು, ಮೀನು ಎಲ್ಲಿ ಸಿಗುತ್ತೆ ಅಂತ ತೋರಿಸಿ ಗಾಳ ಹಾಕಿಸೋದು, ಅದೇ ಅವಳ ಕಸುಬು.

ಹೀಗಿರೋವಾಗ ಒಂದು ಬೆಳಗ್ಗೆ ಲಕ್ಕಣ್ಣ ಅನ್ನೋನೊಬ್ಬ ಹೊಸಾ ಗಾಳ ಹಿಡ್ಕೊಂಡು ಬಂದ್ನಂತೆ. ಮೀನು ಹಿಡೀಬೇಕು, ಮೂರು ದಿನ ಕರ್ಕೊಂಡು ಹೋಗು ಅಂದ. ಆಯ್ತಣ್ಣ ಅಂತ ಕೆಂಚಕ್ಕ ಹುಟ್ಟು ಹಾಕಿದಳು. ಆದ್ರೆ ನೋಡ್ತಾಳೆ, ಅವನಿಗೆ ಗಾಳಕ್ಕೆ ಎರೆಹುಳ ಚುಚ್ಚೋಕೇ ಬರ್ತಿಲ್ಲ! ಬೆರಳಿಗೇ ಚುಚ್ಕೊಂಡ. ಆಮೇಲೆ ಮೀನು ಕಚ್ಚಿ ಬೆಂಡು ಮುಳುಗ್ತಾ ಇದ್ರೂ ಅತ್ತ ನೋಡ್ಲೇ ಇಲ್ಲ, ಇವಳ ಮುಖಾನೇ ನೋಡ್ತಾ, ಈ ದೋಣಿ ಹತ್ತಿದವರೆಲ್ಲ ವಾಪಸ್ ಬಂದಿದಾರಾ ಅಂತ ಕೇಳಿದ್ನಂತೆ. ಬರದೇ ಏನಣ್ಣ, ಎಲ್ಲರೂ ಬಂದಿದಾರೆ ಅಂದಳು. ಮಧ್ಯಾಹ್ನ ಉಣ್ಣುವಾಗ ಅಪ್ಪನಿಗೆ ಹೇಳಿದ್ರೆ, ಅಪ್ಪ ಮುದ್ದೆ ಮುರಿದ ಕೈ ಹಾಗೇ ನಿಲ್ಲಿಸಿಬಿಟ್ಟ.

ಎರಡನೇ ದಿನ ಲಕ್ಕಣ್ಣ ಗಾಳಾನೇ ತರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ, ತೀರಾ ಆಳ ಇರೋ ಕಡೆ ಕರ್ಕೊಂಡು ಹೋಗು ಅಂದ, ಹೋದಮೇಲೆ ಕಲ್ಲು ಇಳಿಬಿಟ್ಟು ಆಳ ನೋಡ್ದ. ಹನ್ನೆರಡು ವರ್ಷದ ಹಿಂದೆ ದೋಣಿ ನಡೆಸ್ತಿದ್ದದ್ದು ನಿಮ್ಮಪ್ಪಾನೇ ಅಲ್ವಾ ಅಂತ ಕೇಳ್ದ. ಅವನು ಬಗ್ಗಿದಾಗ ಸೊಂಟದಲ್ಲಿ ಚಾಕು ಕಾಣಿಸ್ತಂತೆ. ಚಾಕು ಯಾಕಜ್ಜಿ ಅಂದ್ಯಾ? ತಡಿ, ಅಲ್ಲಿಗೇ ಬರ್ತೀನಿ.

ಮನೆಗೆ ಬಂದ್ರೆ ಅಪ್ಪ, ನಾಳೆ ಅವನನ್ನ ಹತ್ತಿಸ್ಕೋಬೇಡ ಕಣವ್ವಾ ಅಂದ. ಯಾಕಪ್ಪಾ ಅಂದ್ರೆ, ಕೇಳಬೇಡ ಅಂದ. ಅಲ್ಲಿವರೆಗೂ ಆ ಲಕ್ಕಣ್ಣನ ಮೇಲಿದ್ದ ಅನುಮಾನ ಈಗ ತಿರುಗಿ ಹೆತ್ತಪ್ಪನ ಮೇಲೇ ಬಂದು ಕೂತ್ಕೊಂತು. ಅಪ್ಪ ಏನು ಮಾಡಿದಾನೆ? ಅವಳಿಗೆ ಅನ್ನ ಸೇರ್ಲಿಲ್ಲ.

ಮೂರನೇ ದಿನ ಅಪ್ಪನ ಮಾತು ಮೀರಿ ಹೋದಳು. ಕೆರೆ ನಡುವೆ ಹುಟ್ಟು ಎತ್ತಿ ತೊಡೆ ಮೇಲಿಟ್ಕೊಂಡು, ನೀನು ಮೀನಿಗೆ ಬಂದವನಲ್ಲ, ಯಾರಣ್ಣ ನೀನು ಅಂದಳು. ಅವನು ಬಾಯಿಬಿಟ್ಟ. ನಮ್ಮಣ್ಣ ಬೈರಪ್ಪ ಹನ್ನೆರಡು ವರ್ಷದ ಹಿಂದೆ ನಿಮ್ಮಪ್ಪನ ದೋಣಿ ಹತ್ತಿದ್ದ, ದೋಣಿ ಬರಿದಾಗಿ ವಾಪಸ್ ಬಂದದ್ದು ನೋಡಿದವರಿದಾರೆ. ಮೊನ್ನೆ ಮೊನ್ನೆ ನಮ್ಮಪ್ಪ ಸತ್ತ, ಬೈರ ಏನಾದ ಅಂತ ಕೇಳ್ತಾನೇ ಸತ್ತ. ನಿಮ್ಮಪ್ಪ ಮುಳುಗಿಸಿದ್ದೇ ನಿಜವಾದ್ರೆ ಅಂತ ಹೇಳಿ ಸೊಂಟ ಮುಟ್ಕೊಂಡ.

ಕೆಂಚಕ್ಕ ಅಳಲಿಲ್ಲ. ಆಗ ನಾನು ಸಣ್ಣವಳು, ನಂಗೇನೂ ಗೊತ್ತಿಲ್ಲ, ನಡಿ, ಅಪ್ಪನ್ನೇ ಕೇಳೋಣ, ನಂಗೂ ಕೇಳಬೇಕು ಅಂತ ದೋಣಿ ತಿರುಗಿಸಿದಳು.

ಮುದ್ದಯ್ಯ ಎಲ್ಲಾ ಕೇಳಿ, ನಿಮ್ಮಪ್ಪ ತೀರ್ಕೊಂಡ್ನಾ ಅಂದ. ಹೂಂ ಅಂದ ಲಕ್ಕಣ್ಣ. ಹಾಗಾದ್ರೆ ಆಣೆ ತೀರ್ತು ಅಂತ ಉಸಿರು ಬಿಟ್ಟು ಹೇಳಿದ್ನಂತೆ: ನಿಮ್ಮಣ್ಣ ಆಚೆ ದಡದ ಕುಂಬಾರರ ಹುಡುಗಿ ಮೇಲೆ ಮನಸಿಟ್ಟಿದ್ದ, ಅಪ್ಪ ಕೊಂದುಬಿಡ್ತಾನೆ ಅಂತ ಹೆದರಿ ಬಂದ. ಆಚೆ ದಡಕ್ಕೆ ಬಿಟ್ಟೆ. ಇಳಿಯೋವಾಗ ಅವನು, ನಮ್ಮಪ್ಪ ಇರೋತನಕ ಯಾರಿಗೂ ಹೇಳಬೇಡ ಅಂತ ಗಂಗಮ್ಮನ ಮೇಲೆ ಆಣೆ ಇಡಿಸ್ಕೊಂಡ. ಬೆಟ್ಟದ ಕೆಳಗಿನ ಜನ ನನ್ನ ಕೊಲೆಗಾರ ಅಂದ್ರು, ಅನ್ನಿಸ್ಕೊಂಡೆ.

ಲಕ್ಕಣ್ಣ ನಂಬಲಿಲ್ಲ. ನೀನೂ ದೋಣಿ ಹತ್ತು, ಸುಳ್ಳಾದ್ರೆ ಮೂರು ಜನಾನೂ ವಾಪಸ್ ಬರಲ್ಲ ಅಂದ. ಮೂವರೂ ಹೊರಟ್ರು. ಕಣ್ಣಿಲ್ಲದ ಮುದ್ದಯ್ಯ ಕೆನ್ನೆಗೆ ತಾಗೋ ಗಾಳಿ ಮೇಲೆ ಎಡಕ್ಕೆ, ಬಲಕ್ಕೆ ಅಂತ ಹೇಳ್ತಾ ಹೋದ. ಆಚೆ ದಡದಲ್ಲಿ ಒಂದು ಗುಡಿಸಲು, ಅದರ ಮುಂದೆ ಸಾಲಾಗಿ ಹಸಿ ಮಡಕೆ. ಕೈತುಂಬ ಜೇಡಿಮಣ್ಣು ಮೆತ್ಕೊಂಡು ಗಡ್ಡದವನೊಬ್ಬ ಹೊರಗೆ ಬಂದ. ಇವನೇನಾ ನಮ್ಮಣ್ಣ, ಬೇರೆ ಯಾರನ್ನೋ ತೋರಿಸ್ತಿದಾರಾ ಅಂತ ಲಕ್ಕಣ್ಣ ಅನುಮಾನ ಪಡ್ತಾ ನಿಂತಿರೋವಾಗ, ಗಡ್ಡದವನು ಅವನನ್ನೇ ದಿಟ್ಟಿಸಿ, ಲೋ ಕಪ್ಪೆ, ಇಷ್ಟುದ್ದ ಆಗ್ಬಿಟ್ಯೇನೋ ಅಂದ್ನಂತೆ. ಚಿಕ್ಕವನಾಗಿದ್ದಾಗ ಅಣ್ಣ ಒಬ್ಬನೇ ಹಾಗೆ ಕರೀತಿದ್ದದ್ದು! ಲಕ್ಕಣ್ಣ ಚಾಕು ಕಿತ್ತು ನೀರಿಗೆ ಎಸೆದು, ಅಣ್ಣನ ಮಣ್ಣಿನ ಕೈ ಹಿಡ್ಕೊಂಡು ಗೊಳೋ ಅಂತ ಅತ್ತ. ಅಪ್ಪ ಹೋದ ಅಂತ ಕೇಳಿ ಅಣ್ಣನೂ ಅತ್ತ. ಆಮೇಲೆ ಇಬ್ಬರೂ ಬಂದು ಮುದ್ದಯ್ಯನ ಕಾಲಿಗೆ ಬಿದ್ರು.

ಕೆಂಚಕ್ಕ ದೋಣಿ ಹತ್ರಾನೇ ನಿಂತಿದ್ದಳು. ಅಪ್ಪಾ, ನಾನೂ ನಿನ್ನ ಮೇಲೆ ಅನುಮಾನ ಪಟ್ಟೆ ಅಂದಳು. ಗೊತ್ತು ಕಣವ್ವಾ, ದಿನಾ ನಂಗೆ ಮೀನಿನ ಮುಳ್ಳು ಬಿಡಿಸಿಕೊಡೋಳು ನಿನ್ನೆ ಬಿಡಿಸಿಕೊಡ್ಲಿಲ್ಲ ಅಂತ ಅವಳ ತಲೆ ಸವರಿದ್ನಂತೆ.

ಆಮೇಲೆ ಆ ಅಣ್ಣತಮ್ಮಂದಿರ ಮುದುಕಿ ತಾಯಿನೂ ಬೆಟ್ಟ ಹತ್ತಿ ಬಂದು, ಕುಂಬಾರರ ಮನೆಯಿಂದ ಬಂದ ಸೊಸೆ, ಮೂರು ಮೊಮ್ಮಕ್ಕಳು ಎಲ್ಲರನ್ನೂ ನೋಡಿ, ಅಲ್ಲೇ ಉಳ್ಕೊಂಡ್ಲಂತೆ. ಕತೆ ಮುಗಿದು ದಡಕ್ಕೆ ಬಂತು, ನೀನಿನ್ನು ಕಣ್ಣು ಮುಚ್ಚು ನನ್ನಪ್ಪ.