ಬರ್ಫದ ಮೌಲಾಲಿ ಮತ್ತು ಕಡೇದೊಡ್ಡಿಯ ಪೆಟ್ಟಿಗೆ

ಬಾವಿಯ ನೀರು ಮೇಲೆ ಬರಲು ಹಗ್ಗವೊಂದೇ ದಾರಿಯಾಗಿದ್ದ ಕಾಲ. ಆ ಕಾಲದಲ್ಲಿ, ಕೃಷ್ಣೆಯ ಆಚೆ ದಂಡೆಯ ಒಂದೂರಲ್ಲಿ, ಮೌಲಾಲಿ ಅಂತ ಒಬ್ಬನಿದ್ದ. ಬರ್ಫದ ಮೌಲಾಲಿ ಅಂದರೇ ಜನಕ್ಕೆ ಗುರುತು.

ಪೇಟೆಯಿಂದ ಬರ್ಫದ ಗಡ್ಡೆ ತಂದು, ಹೆರೆದು, ಕೆಂಪು ಪಾನಕ ಸುರಿದು ಮಾರುವುದು ಅವನ ಕಸುಬು. ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹೂತು, ಒದ್ದೆ ಗೋಣಿ ಸುತ್ತಿ, ಸೈಕಲ್ಲಿಗೆ ಬಿಗಿದು ಹೊರಟನೆಂದರೆ, ಸುತ್ತಲ ಬಂಡೆ ಕಾದು ಹಂಚಾಗಿದ್ದರೂ ಬರ್ಫ ಬೆಳ್ಳಗೆ ಹಾಗೇ ಇರುತ್ತಿತ್ತಂತೆ. ಅವನು ನಿಂತ ನೆಲ ತಂಪಾಗುತ್ತಿತ್ತು ಅಂತಾರೆ. ಅವನ ಸೈಕಲ್ಲಿನ ಹಿಂದೆ ಇರುವೆಗಳು ಸಾಲುಗಟ್ಟಿ ನಡೆಯುತ್ತಿದ್ದವು ಅಂತಾರೆ. ಸೂರ್ಯನೇ ಅವನನ್ನು ಕಂಡು ಮೋಡದ ಮರೆಗೆ ಸರಿಯುತ್ತಿದ್ದ ಅಂತಲೂ ಅಂತಾರೆ. ಹೀಗೆ ಹೇಳುವವರು ಯಾರೂ ಕಣ್ಣಾರೆ ಕಂಡವರಲ್ಲ. ಹೇಳುವಾಗ ಮುಖ ಮಾತ್ರ ಕಂಡವರ ಹಾಗೇ ಇರುತ್ತದೆ.

ಆಗ ಕಾಲು ಹೋಗುವ ಜ್ವರವೊಂದಿತ್ತು. ರಾತ್ರಿ ಮಲಗಿದ ಕೂಸು ಬೆಳಿಗ್ಗೆ ಎದ್ದರೆ ನಿಲ್ಲಲು ಕಾಲಿರುತ್ತಿರಲಿಲ್ಲ. ಅದನ್ನು ದೇಶದಿಂದಲೇ ಓಡಿಸಬೇಕೆಂದು ಸರ್ಕಾರ ಹೊರಟಿತು. ಎಲ್ಲ ಊರಿಗೂ ಒಂದೇ ಭಾನುವಾರ, ಎಲ್ಲ ಮಕ್ಕಳ ಬಾಯಿಗೂ ಎರಡೇ ಹನಿ. ಹನಿಯ ಔಷಧಿ ದೂರದೂರುಗಳಿಂದ ರೈಲಿನಲ್ಲಿ ಬಂತು, ಲಾರಿಯಲ್ಲಿ ಬಂತು, ಊರಿನ ಆಸ್ಪತ್ರೆಯ ತಂಪುಪೆಟ್ಟಿಗೆಯವರೆಗೂ ಬಂತು. ಅಲ್ಲಿಂದಾಚೆ ದಾರಿ ಇರಲಿಲ್ಲ. ದಾರಿ ಇಲ್ಲದ ಕಡೆಯೇ ಕಡೇದೊಡ್ಡಿ. ಎರಡು ಹಳ್ಳ ದಾಟಿ, ಜಾಲಿಕಂಟಿ ಸೀಳಿಕೊಂಡು ಹೋಗಬೇಕು. ಔಷಧಿಗೋ ಬಿಸಿಲು ಆಗದು. ಎರಡು ಸಲ ಆಳುಗಳು ಹೊತ್ತು ಹೋದರು, ಎರಡು ಸಲವೂ ಮುಟ್ಟುವಷ್ಟರಲ್ಲಿ ಬೆಚ್ಚಗಾಗಿತ್ತು. ಬೆಚ್ಚಗಾದ ಔಷಧಿ ಹಾಕುವ ಹಾಗಿಲ್ಲ. ಕಡೇದೊಡ್ಡಿಯ ಮಕ್ಕಳ ನಾಲಿಗೆಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಆಸ್ಪತ್ರೆಯ ನರ್ಸಬಾಯಿ ದಾನಮ್ಮ ಒಂದು ದಿನ ಮೌಲಾಲಿಯ ಸೈಕಲ್ಲಿನ ಮುಂದೆ ಬಂದು ನಿಂತಳು.

“ಕಾಕಾ, ನಿಮ್ಮ ಬರ್ಫಕ್ಕ ಆಗದ ಬಿಸಲು ಈ ಹನಿ ಔಷಧಕ್ಕೂ ಆಗಂಗಿಲ್ಲ. ಕಡೇದೊಡ್ಡಿಗೆ ಮುಟ್ಟಸ್ತೀರೇನು?”

“ಮುಟ್ಟಸ್ತೀನಿ ಬಾಯಾರ. ಆದರ ಮಕ್ಕಳು ಮ್ಯಾಲೆ ಕೆಂಪು ಪಾನಕ ಹಾಕು ಅಂತ ಗಂಟು ಬಿದ್ರ ಅದಕ್ಕ ನೀವಾ ಜವಾಬ್ದಾರಿ.”

ದಾನಮ್ಮ ನಕ್ಕಳು. ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದಳಂತೆ: ಔಷಧಿಯನ್ನು ಬರ್ಫದ ನಡುವೆ ಇಟ್ಟ ಪೆಟ್ಟಿಗೆ ಕೊಡುತ್ತೇನೆ, ದಾರಿಯಲ್ಲಿ ಯಾರು ಕೇಳಿದರೂ ಅದರ ಮುಚ್ಚಳ ತೆಗೆಯಬಾರದು. ಹಾಗೆ ಹೊತ್ತೊಯ್ಯಲು ಆಸ್ಪತ್ರೆಗೆ ಇದ್ದದ್ದು ಅದೊಂದೇ ಪೆಟ್ಟಿಗೆ.

ಆ ಭಾನುವಾರ ಮೌಲಾಲಿ ನಸುಕಿನಲ್ಲೇ ಪೆಟ್ಟಿಗೆಯನ್ನು ಸೈಕಲ್ಲಿಗೆ ಬಿಗಿದು ಹೊರಟ. ಮಕ್ಕಳನ್ನು ಕೂಡಿಸಲು ದಾನಮ್ಮ ಹಿಂದಿನ ದಿನವೇ ಕಡೇದೊಡ್ಡಿಗೆ ಹೋಗಿದ್ದಳು. ಮೊದಲ ಹಳ್ಳ ದಾಟಿದ. ಬಿಸಿಲೇರಿತು. ಎರಡನೇ ಹಳ್ಳದ ಹತ್ತಿರ ಒಂದು ಕುರಿಹಟ್ಟಿ. ಅಲ್ಲಿಂದ ಒಬ್ಬ ತಾಯಿ ಕೂಸನ್ನೆತ್ತಿಕೊಂಡು ಓಡಿ ಬಂದಳು. ಕೂಸಿನ ಮೈ ಕೆಂಡ, ಕಣ್ಣುಗುಡ್ಡೆ ಮೇಲಾಗಿತ್ತು.

“ಯಣ್ಣಾ, ಒಂದ್ ಚೂರು ಬರ್ಫ ಕೊಡೋ.”

ಇದು ಮಾರುವ ಬರ್ಫವಲ್ಲ, ಸರ್ಕಾರದ್ದು, ತೆಗೆಯುವ ಹಾಗಿಲ್ಲ ಅಂದ ಮೌಲಾಲಿ.

“ಬರ್ಫದ ಮೌಲಾಲಿ ಅಂತಾರ ನಿನಗ. ನೀನಾ ಬರ್ಫ ಇಲ್ಲ ಅಂತಿಯಾ?”

ಅವನು ಮುಚ್ಚಳ ತೆಗೆದ. ಒಂದು ಚೂರು ತೆಗೆದ, ಸಾಲಲಿಲ್ಲ. ಮತ್ತೊಂದು ತೆಗೆದ. ಪಂಚೆಯ ಚುಂಗಿನಲ್ಲಿ ಕಟ್ಟಿ ಕೂಸಿನ ನೆತ್ತಿಗಿಟ್ಟ, ಕಂಕುಳಿಗಿಟ್ಟ. ಪೆಟ್ಟಿಗೆ ಬಾಯಿ ತೆರೆದುಕೊಂಡು ಬಂಡೆಯ ಮೇಲೇ ಇತ್ತು. ಬಹಳ ಹೊತ್ತಿನ ಮೇಲೆ ಕೂಸು ಚೀರಿ ಅತ್ತಿತು. ಆ ಅಳು ಕೇಳಿ ಮೌಲಾಲಿಯ ಕಣ್ಣಲ್ಲಿ ನೀರು ಬಂತು ಅಂತಾರೆ.

ಮುಚ್ಚಳ ಹಾಕುವಾಗ ನೋಡಿದ. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಅಷ್ಟು ಬರ್ಫದಲ್ಲಿ ಔಷಧಿ ತಂಪಾಗಿ ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು ಅಂತಾರೆ. ಬೇರೆಯವರ ಕೈಯಲ್ಲಾದರೆ ಕರಗೀತು, ತನ್ನ ಕೈಯಲ್ಲಿ ಕರಗದು ಅಂದುಕೊಂಡ ಅಂತಾರೆ.

ಕಡೇದೊಡ್ಡಿಯ ಬೇವಿನ ನೆರಳಲ್ಲಿ ಹನ್ನೊಂದು ಮಕ್ಕಳು ಕಾದು ಕೂತಿದ್ದವು. “ಬರ್ಫದಾಂವ ಬಂದ!” ಅಂತ ಎಲ್ಲರೂ ಎದ್ದರು. ದಾನಮ್ಮ ಮುಚ್ಚಳ ತೆಗೆದು ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟಳು. ನೀರು. ಬೆಚ್ಚಗಿನ ನೀರು.

“ಕಾಕಾ, ದಾರ್ಯಾಗ ಮುಚ್ಚಳ ತೆಗದಿದ್ರೇನು?”

ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನ ಕೈಯಲ್ಲಿ ಬರ್ಫ ಕರಗುವುದಿಲ್ಲ ಅಂತ ನಂಬಿದ ಮುಖಗಳು.

“ಇಲ್ಲ” ಅಂದ ಮೌಲಾಲಿ.

ಅದೊಂದೇ ಮಾತು. ಹೌದು ಅಂದಿದ್ದರೆ, ಮರುದಿನವೇ ಅದೇ ಪೆಟ್ಟಿಗೆಗೆ ಹೊಸ ಬರ್ಫ, ಹೊಸ ಔಷಧಿ ತುಂಬಿ ತರಬಹುದಿತ್ತು. ಆಸ್ಪತ್ರೆಯಲ್ಲಿ ಔಷಧಿಗೇನೂ ಕೊರತೆ ಇರಲಿಲ್ಲ. ಆದರೆ ಅವನು ಇಲ್ಲ ಅಂದ, ದಾನಮ್ಮ ನಂಬಿದಳು. ಮೌಲಾಲಿ ತಪ್ಪುವವನಲ್ಲ, ಪೆಟ್ಟಿಗೆಗೇ ಎಲ್ಲೋ ಬಿರುಕು ಬಿಟ್ಟಿರಬೇಕು ಅಂದಳು. ಪೆಟ್ಟಿಗೆಯನ್ನು ಪರೀಕ್ಷೆಗೆಂದು ಜಿಲ್ಲೆಗೆ ಕಳಿಸಿದಳು. ಅದೋ ಬೇರೆಯದೋ ಬರುವವರೆಗೆ ಕಾಯಬೇಕಾಯಿತು. ಮೌಲಾಲಿ ನಾಳೆ ಹೇಳಿದರಾಯಿತು ಅಂದುಕೊಂಡ. ಆಸ್ಪತ್ರೆಯ ಬಾಗಿಲವರೆಗೆ ಹೋದ, ಬಂದ. ಮತ್ತೆ ಹೋದ, ಬಂದ. ನಾಳೆಗೊಂದು ನಾಳೆ ಸೇರಿ ತಿಂಗಳಾಯಿತು.

ಆ ತಿಂಗಳ ಕೊನೆಗೆ ಕಡೇದೊಡ್ಡಿಯ ಯಂಕಮ್ಮನ ಮಗಳು ಹುಲಿಗೆಮ್ಮನಿಗೆ ಜ್ವರ ಬಂತು. ಮೂರು ವರ್ಷದ ಹುಡುಗಿ. ಜ್ವರ ಇಳಿಯಿತು. ಎಡಗಾಲು ಏಳಲಿಲ್ಲ.

ಅದಾದ ನಾಲ್ಕನೇ ದಿನ ಪೆಟ್ಟಿಗೆ ವಾಪಸು ಬಂತು, ಜೊತೆಗೊಂದು ಚೀಟಿ. ಮೌಲಾಲಿಗೆ ಓದು ಬರದು. ದಾನಮ್ಮ ಅವನನ್ನು ಕರೆಸಿ ತಾನೇ ಓದಿದಳು: ಪೆಟ್ಟಿಗೆಯಲ್ಲಿ ಏನೂ ದೋಷವಿಲ್ಲ. ಚೀಟಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಮೌಲಾಲಿ ಅಂದು ಸೈಕಲ್ ಹತ್ತಲಿಲ್ಲ. ನಡೆದೇ ಕಡೇದೊಡ್ಡಿಗೆ ಹೋಗಿ, ಬೇವಿನ ಕೆಳಗೆ ಜನರನ್ನು ಕೂಡಿಸಿ, ಕುರಿಹಟ್ಟಿಯಿಂದ ಹಿಡಿದು ‘ಇಲ್ಲ’ ಅಂದದ್ದರ ತನಕ ಎಲ್ಲ ಹೇಳಿದ. ಅಂದು ಹನಿ ಬಿದ್ದಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ ಅಂತ ಹಿರಿಯರು ಸಮಾಧಾನ ಹೇಳಿದರು. ಅವನು ಆ ಸಮಾಧಾನ ತೆಗೆದುಕೊಳ್ಳಲಿಲ್ಲ.

ಯಂಕಮ್ಮ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಕೇಳಿದಳು. ಆಮೇಲೆ ಅಂದಳು:

“ಬರ್ಫ ಕೊಟ್ಟಿದ್ದಕ್ಕ ಏನೂ ಅನ್ನಂಗಿಲ್ಲ ಕಾಕಾ. ನನ್ನ ಕೂಸಾಗಿದ್ರ ನಾನೂ ನಿನ್ನ ಸೈಕಲ್ಲಿಗೆ ಅಡ್ಡ ಬೀಳ್ತಿದ್ದೆ. ಆದರ ಅವತ್ತ ಒಂದ್ ಮಾತು ಹೇಳಿದ್ದರ…”

ಒಳಗೆ ಹೋದಳು.

ಆಮೇಲೆ ಮೌಲಾಲಿ ಪಾನಕದ ಬರ್ಫ ಮಾರಲಿಲ್ಲ. ಹತ್ತಿ ಹೊಲದಲ್ಲಿ ಕೂಲಿ ಮಾಡಿ ಬದುಕಿದ. ಹನಿ ಹಾಕುವ ಭಾನುವಾರ ಬಂದರೆ ಮಾತ್ರ ಪೆಟ್ಟಿಗೆ ಹೊತ್ತು ಕಡೇದೊಡ್ಡಿಗೆ ಹೋಗುತ್ತಿದ್ದ. ಮುಟ್ಟಿದ ಕೂಡಲೇ, ಯಾರೂ ಕೇಳದಿದ್ದರೂ, ದಾರಿಯ ಕಥೆ ಒಪ್ಪಿಸುತ್ತಿದ್ದ. “ಮೊದಲ ಹಳ್ಳದಾಗ ಕಾಲು ಜಾರಿತು. ಪೆಟಗಿ ನೀರಿಗೆ ಬೀಳಲಿಲ್ಲ. ಜಾಲಿ ನೆಳ್ಳಾಗ ಎರಡು ಗಳಿಗಿ ಕುಂತೆ. ಮುಚ್ಚಳ ತೆಗದಿಲ್ಲ.” ಮಕ್ಕಳು ನಗುತ್ತಿದ್ದವು, “ಬೀಡಿ ಎಷ್ಟು ಸೇದಿದಿ ಅದನ್ನೂ ಹೇಳು ತಾತಾ” ಅನ್ನುತ್ತಿದ್ದವು. ಅವನು ಅದನ್ನೂ ಹೇಳುತ್ತಿದ್ದ. ನಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಕೋಲೂರಿ ನಿಂತ ಹುಡುಗಿಯ ಕಡೆ ಕಣ್ಣೆತ್ತಿ ನೋಡಲು ಅವನಿಗೆ ಎಂದೂ ಆಗಲಿಲ್ಲ ಅಂತಾರೆ.

ಮೌಲಾಲಿ ಹೋಗಿ ಬಹಳ ಕಾಲವಾಯಿತು. ಕಾಲು ಹೋಗುವ ಜ್ವರವೂ ಹೋಯಿತು. ಕಡೇದೊಡ್ಡಿಗೆ ಈಗ ದಾರಿಯಿದೆ, ಜೀಪು ಬರುತ್ತದೆ. ಆದರೂ ಹನಿಯ ಭಾನುವಾರ ಪೆಟ್ಟಿಗೆ ಇಳಿದರೆ ಮೊದಲು ಬೇವಿನ ನೆರಳು ಪೆಟ್ಟಿಗೆಗೆ, ಆಮೇಲೆ ಮನುಷ್ಯರಿಗೆ. ಮುಚ್ಚಳಕ್ಕೆ ಯಾರೂ ಕೈ ಹಾಕುವುದಿಲ್ಲ. ತಲೆ ನರೆತ ಹುಲಿಗೆಮ್ಮ ಕೋಲೂರಿಕೊಂಡು ಬಂದು, ತಂದವರ ಮುಂದೆ ನಿಂತು, “ದಾರ್ಯಾಗ ಏನಾತು?” ಅಂತ ಕೇಳಬೇಕು. ತಂದವರು ಎಲ್ಲ ಹೇಳಬೇಕು. ಏನು ಹೇಳಿದರೂ ಬೈಯಬಾರದು, ಅದು ಅಲ್ಲಿಯ ಕಟ್ಟಳೆ.

ಒಮ್ಮೆ ಜೀಪಿನ ಡ್ರೈವರ್ ತಲೆ ತಗ್ಗಿಸಿದನಂತೆ. ನೀರಿನ ಬಾಟಲಿ ತಂಪಾಗಲಿ ಅಂತ ಪೆಟ್ಟಿಗೆಯಲ್ಲಿಟ್ಟಿದ್ದೆ, ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಅಂದನಂತೆ.

“ಹೇಳಿದಿಯಲ್ಲಪ್ಪಾ, ಅಷ್ಟಾ ಸಾಕು” ಅಂದಳು ಹುಲಿಗೆಮ್ಮ. “ನಡಿ, ಬ್ಯಾರೆ ಔಷಧಿ ತರೂಣು.”

ಕೋಲು ಒಳಗಿಟ್ಟು ಅವಳೇ ಜೀಪು ಹತ್ತಿದಳು. ಅವರು ತಿರುಗಿ ಬರುವ ತನಕ, ಹೊತ್ತು ಇಳಿದರೂ, ಒಬ್ಬ ತಾಯಿಯೂ ಕೂಸನ್ನೆತ್ತಿಕೊಂಡು ಮನೆಗೆ ಹೋಗಲಿಲ್ಲ ಅಂತಾರೆ.