ಪುಟ್ಟೀರಮ್ಮನ ಬಂಡೆಗುಳಿ

ಕಾಡಿನ ನಡುವೆ ಒಂದು ಕೆರೆ. ಕೆರೆಯಂಚಿನ ಕರಿಬಂಡೆಯಲ್ಲಿ ಬೊಗಸೆ ನೀರು ನಿಲ್ಲುವಷ್ಟು ಒಂದು ಗುಳಿ. ಗುಳಿಗೂ ಕೆರೆಗೂ ನಡುವೆ ಒಂದು ಗುಂಡುಕಲ್ಲು ಅಡ್ಡ ಕೂತಿತ್ತು. ಪುಟ್ಟೀರಮ್ಮ ಎಂಬ ಕಪ್ಪೆ ಆ ಗುಳಿಯಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿದ್ದಳು. ಅಷ್ಟು ದೊಡ್ಡ ಕೆರೆ ಬಿಟ್ಟು ಗುಳಿ ಯಾಕೆ ಅಂತೀರಾ ಮಕ್ಕಳೇ? ಭಯ ಕಣ್ರಪ್ಪ, ಭಯ! ಎಲೆ ಅಲುಗಿದರೂ ಎದೆ ಹೊಡೆದುಕೊಳ್ಳುವ ಜೀವ ಅದು.

"ಕೆರೆಯಲ್ಲಿ ಮೀನಿದೆ, ಹಾವಿದೆ. ಇಲ್ಲಿ ಕಲ್ಲು ಅಡ್ಡ ಇದೆ, ಯಾರೂ ಬರೋಲ್ಲ" ಎಂದು ಅವಳು ಮರಿಗಳನ್ನು ಕಾಯುತ್ತಿದ್ದಳು. ಅವತ್ತು ಬೆಳಿಗ್ಗೆ ನೀರು ಕುಡಿಯಲು ಬಂದ ಕಾಡೆಮ್ಮೆ ಕರಿಯಕ್ಕನನ್ನೂ, "ದೂರ ಹೋಗೇ, ಮರಿಗಳನ್ನ ತುಳಿದುಬಿಟ್ಟೀಯ!" ಎಂದು ಗದರಿ ಓಡಿಸಿದ್ದಳು.

ಬಿಸಿಲೇರಿತು. ಗೊದಮೊಟ್ಟೆ ಮರಿಗಳು ಏದುಸಿರು ಬಿಡುತ್ತ ಮೇಲಕ್ಕೆ ಬಂದವು.

"ಅವ್ವಾ, ಮೈಯೆಲ್ಲ ಉರೀತಿದೆ!"

ಪುಟ್ಟೀರಮ್ಮ ನೀರಿಗೆ ಕಾಲಿಟ್ಟಳು. ಅಯ್ಯಯ್ಯೋ, ಸ್ನಾನದ ಹಂಡೆಯ ಹಾಗೆ ಕಾದಿದೆ! ಪಕ್ಕದ ಕೆರೆಗೆ ಕಾಲಿಟ್ಟರೆ ತಣ್ಣಗಿದೆ.

"ಒಂದೇ ಬಿಸಿಲು, ಇದೆಂಥ ಅನ್ಯಾಯ!" ಎಂದು ಅತ್ತಳು.

"ಅನ್ಯಾಯ ಅಲ್ಲಮ್ಮ," ಎಂದ ಬಂಡೆಸಂದಿಯ ಮುದಿ ಏಡಿ. "ಕೆರೆ ನೀರು ರಾಶಿ, ಅಷ್ಟೂ ಕಾಯೋಕೆ ಬಹಳ ಬಿಸಿಲು ಬೇಕು. ನಿನ್ನ ಬೊಗಸೆ ನೀರಿಗೆ ಎಷ್ಟು ಹೊತ್ತು? ಮೇಲೆ ಬಿಸಿಲು, ಕೆಳಗೆ ಕಾದ ಕಲ್ಲು. ಬೇಗ ಕೆರೆ ನೀರು ಒಳಗೆ ಬಿಡು!"

ಪುಟ್ಟೀರಮ್ಮ ಗುಂಡುಕಲ್ಲಿಗೆ ಮೈಯೊಡ್ಡಿ ನೂಕಿದಳು. ಏಡಿಯೂ ನೂಕಿದ. ಕಲ್ಲು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಇದರ ಭಾರಕ್ಕೆ ನಮ್ಮ ಬಲ ಯಾವ ಮೂಲೆಗೆ? ಕರಿಯಕ್ಕನ್ನ ಕರಿ," ಎಂದ ಏಡಿ.

"ಅವಳ ಗೊರಸು ಗುಳಿಗೆ ಬಿದ್ದರೆ?"

"ಸುಮ್ಮನೆ ಕೂತರೆ ಬೆಂದೇ ಹೋಗ್ತಾವೆ!"

ಪುಟ್ಟೀರಮ್ಮ ಗಂಟಲು ಹರಿಯುವಂತೆ ಕೂಗಿದಳು. ಕರಿಯಕ್ಕ ಬಂದಳು.

"ಬೆಳಿಗ್ಗೆ ಓಡಿಸಿದೆ, ಈಗ ಕರೀತೀಯಾ?"

"ತಪ್ಪಾಯ್ತು ಅಕ್ಕಾ. ಮರಿಗಳನ್ನ ಉಳಿಸು."

ಕರಿಯಕ್ಕ ಗುಳಿ ತುಳಿಯದಂತೆ ಪಕ್ಕಕ್ಕೆ ಬಂದು ಕಲ್ಲಿಗೆ ಹಣೆಯಿಟ್ಟಳು.

"ಮೆಲ್ಲಗೆ, ಕೆರೆ ಕಡೆಗೇ ನೂಕು!" ಎಂದು ಏಡಿ ಕೂಗಿದ. "ಭಾರದ ಕಲ್ಲು, ಒಮ್ಮೆ ಗುಳಿ ಕಡೆ ಉರುಳಿದರೆ ನಾವ್ಯಾರೂ ತಡೆಯೋಕಾಗಲ್ಲ!"

ಕಲ್ಲು ಕದಲಿತು. ಗುಳಿಯತ್ತ ಒಂದಿಷ್ಟು ವಾಲಿತು. "ಅಯ್ಯೋ!" ಎಂದು ಪುಟ್ಟೀರಮ್ಮ ಚೀರಿದಳು. ಕರಿಯಕ್ಕ ಕತ್ತು ತಿರುಗಿಸಿ ಇನ್ನೊಮ್ಮೆ ಒತ್ತಿದಳು. ದುಡುಂ! ಕಲ್ಲು ಕೆರೆಗೆ ಬಿತ್ತು, ತಣ್ಣನೆಯ ನೀರು ಗುಳಿಗೆ ನುಗ್ಗಿತು.

ಮರಿಗಳು ಬಾಲ ಅಲುಗಿಸಿದವು. ಮೂರ್ನಾಲ್ಕು ಮಾತ್ರ ಅಲುಗಲೇ ಇಲ್ಲ. ಪುಟ್ಟೀರಮ್ಮ ಅವುಗಳ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಗ ಎಲ್ಲಕ್ಕಿಂತ ಸಣ್ಣ ಮರಿ ಕೇಳಿತು: "ಅವ್ವಾ, ಆಚೆ ಹೋಗ್ಲಾ?"

ಅವಳ ಎದೆ ಇನ್ನೂ ಡವಡವ ಅನ್ನುತ್ತಲೇ ಇತ್ತು.

"ಹೋಗು ಮಗಾ," ಎಂದಳು. "ಜೊಂಡಿನ ಬುಡ ಬಿಡಬೇಡ. ನೆರಳು ಕಂಡರೆ ಅಡಗಿಕೋ. ಬಾ, ನಾನೂ ಜೊತೆಗೆ ಬರ್ತೀನಿ."

ನೀತಿ: ಮಕ್ಕಳನ್ನು ಅಂಜಿ ಮುಚ್ಚಿಡುವುದು ಕಾಪಾಡಿದಂತಲ್ಲ, ಎಚ್ಚರ ಕಲಿಸಿ ಈಜಲು ಬಿಡುವುದೇ ನಿಜವಾದ ಕಾವಲು.